ಗಣಕೀಕೃತ ಭೂ ದಾಖಲೆಗಳ ಶೋಧನೆಯಲ್ಲಿ ಉದ್ಧರಣ ಚಿಹ್ನೆ, ಓರೆಗೆರೆ ಮತ್ತಿತರ ಗುರುತುಗಳ ಬಳಕೆ

(ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ಅರ್ಜಿದಾರರ ಮಾಹಿತಿಗಾಗಿ)

ಪಹಣಿ, ಮ್ಯುಟೇಶನ್ ಪ್ರತಿ ಅಥವಾ ಜಮೀನಿಗೆ ಸಂಬಂಧಿಸಿದ ಇತರ ದಾಖಲೆಗಳನ್ನು ಗಣಕಯಂತ್ರದಲ್ಲಿ ಹುಡುಕುವ ಸಾರ್ವಜನಿಕರಿಗೆ ಕೆಲವೊಮ್ಮೆ ‘ದಾಖಲೆ ಲಭ್ಯವಿಲ್ಲ’ ಎಂಬ ಉತ್ತರ ಬರುತ್ತದೆ. ಈ ಉತ್ತರವನ್ನು ಕಂಡ ಕೂಡಲೇ ತಮ್ಮ ಜಮೀನಿನ ದಾಖಲೆಯೇ ಕಳೆದುಹೋಗಿದೆ ಅಥವಾ ಬೇರೆಯವರ ಹೆಸರಿಗೆ ಹೋಗಿದೆ ಎಂದು ಭಾವಿಸಬೇಕಾಗಿಲ್ಲ. ಬಹಳಷ್ಟು ಸಂದರ್ಭಗಳಲ್ಲಿ ದಾಖಲೆ ಇದ್ದ ಸ್ಥಳದಲ್ಲಿಯೇ ಇರುತ್ತದೆ. ಅದನ್ನು ಕೇಳಿದ ರೀತಿ ಮಾತ್ರ ಯಂತ್ರಕ್ಕೆ ತಿಳಿದಿರುವುದಿಲ್ಲ. ಒಂದು ಓರೆಗೆರೆ, ಒಂದು ಚುಕ್ಕೆ, ಒಂದು ಅಧಿಕ ಚಿಹ್ನೆ ಅಥವಾ ಹೆಸರಿನ ನಡುವಿನ ಒಂದು ಉದ್ಧರಣ ಚಿಹ್ನೆ ಇದಕ್ಕೆ ಕಾರಣವಾಗಿರುತ್ತದೆ. ಇಂತಹ ಗುರುತುಗಳನ್ನು ಗಣಕಯಂತ್ರವು ಹೇಗೆ ಅರ್ಥ ಮಾಡಿಕೊಳ್ಳುತ್ತದೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಉದಾಹರಣೆಗಾಗಿ ಕೊಟ್ಟಿರುವ ಸರ್ವೆ ನಂಬರುಗಳು ಯಾವುದೇ ನಿರ್ದಿಷ್ಟ ಜಮೀನನ್ನು ಸೂಚಿಸುವುದಿಲ್ಲ.

ಹಿನ್ನೆಲೆ

ಬೆಳಗಾವಿ ಜಿಲ್ಲೆಯು 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದ ಭಾಗವಾಗಿತ್ತು. ಆದುದರಿಂದ ಇಲ್ಲಿನ ಹಿರಿಯರು ಪಹಣಿಯನ್ನು ಇಂದಿಗೂ ‘ಉತಾರ’ ಎಂದೇ ಕರೆಯುತ್ತಾರೆ. ಮುಂಬಯಿ ಪದ್ಧತಿಯ 7ನೇ ಮತ್ತು 12ನೇ ನಮೂನೆಗಳು ಸೇರಿ ಆದ ‘7/12’ ಎಂಬ ಹೆಸರಿನಲ್ಲಿಯೇ ಒಂದು ಓರೆಗೆರೆ ಇದೆ. ಅಲ್ಲಿ ಅದಕ್ಕೆ ಭಾಗಾಕಾರವೆಂಬ ಅರ್ಥವಿಲ್ಲ, ದಿನಾಂಕವೆಂಬ ಅರ್ಥವೂ ಇಲ್ಲ. ಎರಡು ನಮೂನೆಗಳನ್ನು ಜೋಡಿಸಿ ಹೇಳುವುದಷ್ಟೇ ಅದರ ಕೆಲಸ. ಕಾಗದವನ್ನು ಓದುವ ಗ್ರಾಮ ಲೆಕ್ಕಿಗರಿಗಾಗಲೀ ರೈತರಿಗಾಗಲೀ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ ಅನ್ವಯ ನಿರ್ವಹಿಸಲಾಗುವ ಪಹಣಿಗಳನ್ನು ‘ಭೂಮಿ’ ಯೋಜನೆಯಡಿ ಗಣಕೀಕರಣಗೊಳಿಸಲಾಯಿತು. ರಾಜ್ಯದ ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ದಾಖಲೆಗಳು ಈ ವ್ಯವಸ್ಥೆಗೆ ಬಂದವು. ಕೈಬರಹದ ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಬರೆದಿದ್ದ ವಿವರಗಳು ಗಣಕಯಂತ್ರದಲ್ಲಿ ಬೇರೆ ಬೇರೆ ಕೋಶಗಳಿಗೆ ಹಂಚಿಹೋದವು. ಮುಂದೆ ವಿವರಿಸಲಾಗುವ ತೊಡಕುಗಳ ಪೈಕಿ ಅನೇಕವು ಈ ಹಂಚಿಕೆಯಿಂದ ಹುಟ್ಟಿದವು.

ಇದು ಕೇವಲ ಬರವಣಿಗೆಯ ಶಿಸ್ತಿನ ವಿಷಯವಲ್ಲ. 2018ರ ಬೆಳೆ ಸಾಲ ಮನ್ನಾ ಯೋಜನೆಯಲ್ಲಿ ರೈತರು ಆಧಾರ್ ಮತ್ತು ಪಡಿತರ ಚೀಟಿಯ ಜೊತೆಗೆ ಜಮೀನಿನ ಸರ್ವೆ ನಂಬರನ್ನೂ ಬ್ಯಾಂಕಿಗೆ ಒದಗಿಸಬೇಕಾಗಿತ್ತು. 2019ರ ಆಗಸ್ಟ್ ತಿಂಗಳಿನಲ್ಲಿ ಘಟಪ್ರಭಾ, ಹಿರಣ್ಯಕೇಶಿ ಮತ್ತು ಮಾರ್ಕಂಡೇಯ ನದಿಗಳ ಪ್ರವಾಹದಿಂದ ಈ ಭಾಗದ ಬೆಳೆಗಳು ಹಾನಿಗೊಳಗಾದಾಗಲೂ ಪರಿಹಾರದ ಲೆಕ್ಕ ನಿಂತದ್ದು ಸರ್ವೆ ನಂಬರಿನ ಮೇಲೆಯೇ. ಒಂದು ಕಡೆ 45/2 ಎಂದೂ ಮತ್ತೊಂದು ಕಡೆ 45-2 ಎಂದೂ ಇದ್ದರೆ ಮನುಷ್ಯರ ಕಣ್ಣಿಗೆ ಅವೆರಡೂ ಒಂದೇ. ಗಣಕಯಂತ್ರಕ್ಕೆ ಅವು ಎರಡು ಬೇರೆ ಜಮೀನುಗಳು.

ಶೋಧನಾ ವಾಕ್ಯ ಎಂದರೇನು

ಅರ್ಜಿದಾರರು ಪರದೆಯ ಮೇಲಿನ ಕೋಶಗಳನ್ನು ತುಂಬಿ ಗುಂಡಿಯನ್ನು ಒತ್ತಿದಾಗ ತಂತ್ರಾಂಶವು ಆ ವಿವರಗಳನ್ನು ಜೋಡಿಸಿ ಒಂದು ಷರತ್ತನ್ನು ರಚಿಸುತ್ತದೆ. ಇದಕ್ಕೆ ಶೋಧನಾ ವಾಕ್ಯ ಎನ್ನಬಹುದು. ತಂತ್ರಾಂಶ ಬರೆಯುವವರು ಇದನ್ನು ಫಿಲ್ಟರ್ ಎನ್ನುತ್ತಾರೆ. ಕನ್ನಡದಲ್ಲಿ ಬರೆದರೆ ಅದು ಹೆಚ್ಚುಕಡಿಮೆ ಹೀಗಿರುತ್ತದೆ:

ಗ್ರಾಮ = 'ಸಂಕೇಶ್ವರ' ಮತ್ತು ಸರ್ವೆ = 45 ಮತ್ತು ಹಿಸ್ಸಾ = '2'

ಇಲ್ಲಿ ಗ್ರಾಮದ ಹೆಸರಿನ ಎರಡೂ ಬದಿಗೆ ಇರುವ ಒಂಟಿ ಉದ್ಧರಣ ಚಿಹ್ನೆಗಳು ಹೆಸರಿನ ಭಾಗವಲ್ಲ. ಹೊಲದ ಸುತ್ತಲಿನ ಬಾಂದುಕಲ್ಲುಗಳಂತೆ ಅವು ‘ಇಲ್ಲಿಂದ ಇಲ್ಲಿಯವರೆಗೆ ಇರುವುದು ಬೆಲೆ, ಉಳಿದದ್ದು ಆಜ್ಞೆ’ ಎಂದು ಎಲ್ಲೆಯನ್ನು ತೋರಿಸುತ್ತವೆ. ಆದುದರಿಂದ ಇವುಗಳನ್ನು ಗಡಿಚಿಹ್ನೆಗಳು ಎನ್ನಬಹುದು. ಪಠ್ಯಕ್ಕೆ ಗಡಿಚಿಹ್ನೆ ಬೇಕು, ಶುದ್ಧ ಸಂಖ್ಯೆಗೆ ಬೇಡ. ಮೇಲಿನ ವಾಕ್ಯದಲ್ಲಿ 45ಕ್ಕೆ ಉದ್ಧರಣ ಚಿಹ್ನೆ ಇಲ್ಲದಿರುವುದನ್ನೂ ಹಿಸ್ಸಾದ 2ಕ್ಕೆ ಇರುವುದನ್ನೂ ಗಮನಿಸಬಹುದು. ಹಿಸ್ಸಾ ಎಂಬುದು 2 ಆಗಿರುವಂತೆಯೇ 2ಎ ಅಥವಾ 2+3 ಕೂಡ ಆಗಿರಬಹುದಾದ್ದರಿಂದ ಅದನ್ನು ಪಠ್ಯವೆಂದೇ ಪರಿಗಣಿಸಲಾಗುತ್ತದೆ.

ಎಲ್ಲ ತೊಡಕುಗಳ ಮೂಲವೂ ಒಂದೇ: ಬೆಲೆಯ ಒಳಗಿರುವ ಗುರುತನ್ನು ಯಂತ್ರವು ಗಡಿಚಿಹ್ನೆಯೆಂದೋ ಲೆಕ್ಕದ ಆಜ್ಞೆಯೆಂದೋ ತಿಳಿದುಬಿಡುವುದು.

ಸರ್ವೆ ನಂಬರ್ ಮತ್ತು ಹಿಸ್ಸಾ

ಕಾಗದದ ಮೇಲೆ ‘ರಿ.ಸ.ನಂ. 45/2ಎ’ ಎಂದು ಬರೆದಿರುವುದನ್ನು ‘ನಲವತ್ತೈದು ಬೈ ಎರಡು ಎ’ ಎಂದು ಓದುವುದು ರೂಢಿ. ಭೂಮಿ ತಂತ್ರಾಂಶದ ಪಹಣಿ ವೀಕ್ಷಣೆಯಲ್ಲಿ ಇದಕ್ಕೆ ಒಂದೇ ಕೋಶವಿಲ್ಲ. ಸರ್ವೆ ನಂಬರ್, ಸರ್ನೋಕ್ ಮತ್ತು ಹಿಸ್ಸಾ ಎಂಬ ಮೂರು ಭಾಗಗಳಿವೆ. ಸರ್ವೆ ನಂಬರಿನ ಕೋಶದಲ್ಲಿ 45 ಎಂಬ ಅಂಕಿಯನ್ನು ಮಾತ್ರ ನಮೂದಿಸತಕ್ಕದ್ದು. ಸರ್ನೋಕ್ ಮತ್ತು ಹಿಸ್ಸಾಗಳನ್ನು ಅನಂತರ ತೆರೆದುಕೊಳ್ಳುವ ಪಟ್ಟಿಯಿಂದ ಆಯ್ದುಕೊಳ್ಳತಕ್ಕದ್ದು. ಓರೆಗೆರೆಯನ್ನು ಎಲ್ಲಿಯೂ ಬರೆಯುವ ಅಗತ್ಯವಿಲ್ಲ, ಏಕೆಂದರೆ ಅದು ಮಾಡುತ್ತಿದ್ದ ವಿಂಗಡಣೆಯ ಕೆಲಸವನ್ನು ಕೋಶಗಳೇ ಮಾಡುತ್ತವೆ.

ಈ ಪಟ್ಟಿಯಲ್ಲಿ ಕಾಣುವ ನಕ್ಷತ್ರ ಚಿಹ್ನೆಯ (*) ಬಗ್ಗೆ ವಿಶೇಷ ಗಮನ ಅಗತ್ಯ. ಬೇರೆ ಅನೇಕ ತಂತ್ರಾಂಶಗಳಲ್ಲಿ ನಕ್ಷತ್ರ ಚಿಹ್ನೆಗೆ ‘ಯಾವುದಾದರೂ ಸರಿ, ಎಲ್ಲವನ್ನೂ ತೋರಿಸು’ ಎಂಬ ಅರ್ಥವಿದೆ. ಇಲ್ಲಿ ಅದರ ಅರ್ಥ ಬೇರೆ: ‘ಈ ಸ್ಥಾನದಲ್ಲಿ ಏನೂ ಇಲ್ಲ’. ಹಿಸ್ಸಾದ ಸ್ಥಾನದಲ್ಲಿ ನಕ್ಷತ್ರ ಇದ್ದರೆ ಹಿಸ್ಸಾ ಇಲ್ಲದ ಜಮೀನು ಎಂದು ತಿಳಿಯಬೇಕೇ ಹೊರತು ಎಲ್ಲ ಹಿಸ್ಸಾಗಳೂ ಸೇರಿದ್ದು ಎಂದಲ್ಲ. ಹಿಸ್ಸಾ ಇರುವ ಜಮೀನಿನ ರೈತರು ನಕ್ಷತ್ರವನ್ನು ಆಯ್ದು ಬೇರೊಂದು ಪಹಣಿಯನ್ನು ಮುದ್ರಿಸಿಕೊಂಡು ಸಾಲದ ಅರ್ಜಿಗೆ ಲಗತ್ತಿಸಿದರೆ, ಅದು ತಿರಸ್ಕೃತವಾಗುವವರೆಗೂ ತಪ್ಪು ತಿಳಿದುಬರುವುದಿಲ್ಲ.

ಉತ್ತರ ಕರ್ನಾಟಕದ ದಾಖಲೆಗಳಲ್ಲಿ ಒಟ್ಟುಗೂಡಿದ ಹಿಸ್ಸಾಗಳನ್ನು 1+2 ಅಥವಾ 1ಎ+2 ಎಂಬಂತೆ ಅಧಿಕ ಚಿಹ್ನೆಯಿಂದ ಬರೆಯುವುದು ಸಾಮಾನ್ಯ. ಈ ಚಿಹ್ನೆಗೆ ಎರಡು ಅಪಾಯಗಳಿವೆ. ಗಡಿಚಿಹ್ನೆ ಇಲ್ಲದೆ ಶೋಧನಾ ವಾಕ್ಯದೊಳಗೆ ಹೋದ 1+2 ಅನ್ನು ಯಂತ್ರವು ಕೂಡಿ 3 ಮಾಡುತ್ತದೆ, ಮತ್ತು 3ನೇ ಹಿಸ್ಸಾ ನಿಜವಾಗಿಯೂ ಇದ್ದಲ್ಲಿ ನೆರೆಯವರ ದಾಖಲೆಯನ್ನೇ ತೋರಿಸುತ್ತದೆ. ಎರಡನೆಯದು ಅಂತರಜಾಲ ವಿಳಾಸಕ್ಕೆ ಸಂಬಂಧಿಸಿದ್ದು. ನಮೂನೆಯ ವಿವರಗಳು ವಿಳಾಸದ ಸಾಲಿನ ಮೂಲಕ ಸಾಗುವಾಗ ಅಧಿಕ ಚಿಹ್ನೆಯನ್ನು ಖಾಲಿ ಸ್ಥಳವೆಂದು ಓದಲಾಗುತ್ತದೆ. 1+2 ಎಂಬುದು ‘1 2’ ಆಗಿ ತಲುಪುತ್ತದೆ. ತಂತ್ರಾಂಶವು ಅದನ್ನು ಮೊದಲೇ ಸಂಕೇತಕ್ಕೆ ಪರಿವರ್ತಿಸಿ ಕಳುಹಿಸಿದ್ದರೆ ತೊಂದರೆ ಇಲ್ಲ. ಅರ್ಜಿದಾರರ ಮಟ್ಟಿಗೆ ಹೇಳುವುದಾದರೆ, ಪಟ್ಟಿಯಿಂದ ಆಯ್ದುಕೊಳ್ಳುವ ಅವಕಾಶ ಇರುವಲ್ಲಿ ಕೈಯಿಂದ ಟೈಪ್ ಮಾಡದಿರುವುದೇ ಲೇಸು.

ಹಳೆಯ ಕಾಗದದಲ್ಲಿ 1ಅ, 1ಬ ಎಂದಿದ್ದ ಹಿಸ್ಸಾಗಳು ಗಣಕದಲ್ಲಿ ಆಂಗ್ಲ ಅಕ್ಷರಗಳ ಎ, ಬಿ ಗಳಾಗಿರಬಹುದು. ಕನ್ನಡ ಅಂಕಿ ೪೫ ಮತ್ತು 45 ಯಂತ್ರಕ್ಕೆ ಒಂದೇ ಆಗಿರಬೇಕೆಂದೇನೂ ಇಲ್ಲ. ‘ಪೈಕಿ’ ಎಂದು ಬರೆದಿದ್ದ ಜಮೀನುಗಳನ್ನು ಆಂಗ್ಲದ ‘ಪಿ’ ಅಕ್ಷರದಿಂದ ಗುರುತಿಸಿರುವುದೂ ಉಂಟು.

ಹೆಸರಿನೊಳಗಿನ ಉದ್ಧರಣ ಚಿಹ್ನೆ ಮತ್ತು ಚುಕ್ಕೆ

ಡಿ'ಸೋಜಾ ಎಂಬ ಮನೆತನದ ಹೆಸರನ್ನು ಶೋಧನಾ ವಾಕ್ಯದಲ್ಲಿ ಇದ್ದಂತೆಯೇ ಇಟ್ಟರೆ ಹೀಗಾಗುತ್ತದೆ:

ಹೆಸರು = 'ಡಿ'ಸೋಜಾ'

ಯಂತ್ರವು ಮೊದಲ ಚಿಹ್ನೆಯಲ್ಲಿ ಹೆಸರು ಆರಂಭವಾಯಿತು ಎಂದೂ ಎರಡನೆಯದರಲ್ಲಿ ಮುಗಿಯಿತು ಎಂದೂ ತಿಳಿಯುತ್ತದೆ. ಹೆಸರು ‘ಡಿ’ ಎಂದಷ್ಟೇ ಆಗಿ, ‘ಸೋಜಾ’ ಎಂಬುದು ಅರ್ಥವಾಗದ ಆಜ್ಞೆಯಾಗಿ ಉಳಿಯುತ್ತದೆ, ಕೊನೆಯ ಚಿಹ್ನೆಯು ಎಂದೂ ಮುಗಿಯದ ಹೊಸ ಪಠ್ಯವೊಂದನ್ನು ತೆರೆಯುತ್ತದೆ. ಪರದೆಯ ಮೇಲೆ ಆಂಗ್ಲದಲ್ಲಿ ದೋಷದ ಸಂದೇಶ ಬರುವುದು ಈ ಕಾರಣದಿಂದ. ದತ್ತಸಂಚಯಗಳಲ್ಲಿ ಬಳಕೆಯಲ್ಲಿರುವ ಎಸ್.ಕ್ಯೂ.ಎಲ್. ಭಾಷೆಯ ನಿಯಮದಂತೆ, ಹೆಸರಿನೊಳಗಿನ ಚಿಹ್ನೆಯನ್ನು ಎರಡು ಬಾರಿ ಬರೆದರೆ ಅದು ಗಡಿಯಲ್ಲ, ಅಕ್ಷರ ಎಂದು ಯಂತ್ರಕ್ಕೆ ತಿಳಿಯುತ್ತದೆ:

ಹೆಸರು = 'ಡಿ''ಸೋಜಾ'

ಹೀಗೆ ಇಮ್ಮಡಿಗೊಳಿಸುವುದು ತಂತ್ರಾಂಶದ ಕೆಲಸ. ಅರ್ಜಿದಾರರು ಅರ್ಜಿಯಲ್ಲಿ ಎರಡು ಚಿಹ್ನೆಗಳನ್ನು ಹಾಕತಕ್ಕದ್ದಲ್ಲ. ಹಾಕಿದರೆ ಎರಡೂ ದಾಖಲೆಗೆ ಸೇರಿ ಮುಂದೆ ಹೆಸರು ತಿದ್ದುಪಡಿಗೆ ಅಲೆಯಬೇಕಾದೀತು.

ಕೆಲವು ಜಾಲತಾಣಗಳು ಉದ್ಧರಣ ಚಿಹ್ನೆಯನ್ನು ಕಂಡ ಕೂಡಲೇ ‘ಅಮಾನ್ಯ ಅಕ್ಷರ’ ಎಂದು ನಿರಾಕರಿಸುತ್ತವೆ. ಚಿಹ್ನೆಯ ಮೂಲಕ ದುರುದ್ದೇಶದ ಆಜ್ಞೆಗಳನ್ನು ಒಳಗೆ ಸೇರಿಸಿ ದತ್ತಸಂಚಯವನ್ನೇ ಕೆಡಿಸುವುದು ಸಾಧ್ಯವಿರುವುದರಿಂದ ಈ ಎಚ್ಚರಿಕೆ ಹುಟ್ಟಿದೆ. ಎಚ್ಚರಿಕೆ ಸರಿ, ಆದರೆ ಉಪಾಯ ಸರಿಯಲ್ಲ. ನಾಗರಿಕರ ಹೆಸರು ಅವರಿಗೆ ಸೇರಿದ್ದು. ನಮೂನೆಯ ಅನುಕೂಲಕ್ಕಾಗಿ ಅದನ್ನು ಬದಲಿಸುವಂತೆ ಕೇಳುವುದು ನಮೂನೆ ರಚಿಸಿದವರ ಕೊರತೆ. ಇಂತಹ ಸಂದರ್ಭದಲ್ಲಿ ಚಿಹ್ನೆಯನ್ನು ಬಿಟ್ಟು ಬರೆಯುವುದು ಅನಿವಾರ್ಯವಾದರೆ, ಗುರುತಿನ ದಾಖಲೆಯಲ್ಲಿ ಹೆಸರು ಹೇಗಿದೆ ಎಂಬುದನ್ನು ಅರ್ಜಿಯ ಜೊತೆಗಿನ ಪತ್ರದಲ್ಲಿ ತಿಳಿಸಿ ಸ್ವೀಕೃತಿ ಪಡೆಯುವುದು ಒಳಿತು.

ಪದಸಂಸ್ಕಾರಕ ತಂತ್ರಾಂಶಗಳು ನೇರ ಚಿಹ್ನೆಯನ್ನು (') ತಾವಾಗಿಯೇ ಬಾಗಿದ ಚಿಹ್ನೆಯಾಗಿ (’) ಮಾರ್ಪಡಿಸುತ್ತವೆ. ಅಂಥ ಕಡತದಿಂದ ನಕಲು ಮಾಡಿ ಅಂಟಿಸಿದ ಹೆಸರು ದಾಖಲೆಯ ಹೆಸರಿನಂತೆಯೇ ಕಂಡರೂ ಹೊಂದುವುದಿಲ್ಲ.

ಈ ಮೂರು ತಾಲ್ಲೂಕುಗಳಲ್ಲಿ ಉದ್ಧರಣ ಚಿಹ್ನೆಗಿಂತ ಹೆಚ್ಚಾಗಿ ಕಾಡುವುದು ಚುಕ್ಕೆ. ಗೋಕಾಕ ತಾಲ್ಲೂಕಿನ ‘ಮಲ್ಲಾಪುರ ಪಿ.ಜಿ.’ ಎಂಬ ಊರಿನ ಹೆಸರನ್ನೇ ತೆಗೆದುಕೊಳ್ಳಬಹುದು. ಕೆಲವರು ‘ಪಿಜಿ’ ಎನ್ನುತ್ತಾರೆ, ಕೆಲವರು ಚುಕ್ಕೆಗಳ ನಡುವೆ ಖಾಲಿ ಜಾಗ ಬಿಡುತ್ತಾರೆ, ಕೆಲವರು ಮಲ್ಲಾಪುರ ಎಂದಷ್ಟೇ ಬರೆಯುತ್ತಾರೆ. ಬುದ್ರುಕ ಮತ್ತು ಖುರ್ದ ಎಂಬುದರ ಸಂಕ್ಷೇಪಗಳಾದ ‘ಬಿ.ಕೆ.’ ಮತ್ತು ‘ಕೆ.ಎಚ್.’ ಇರುವ ಗ್ರಾಮಗಳಲ್ಲಿ ಸಂಕ್ಷೇಪವನ್ನು ಬಿಟ್ಟರೆ ಊರೇ ಬದಲಾಗುತ್ತದೆ. ಅಪ್ರಾಪ್ತ ವಯಸ್ಕರ ಪಾಲಕರನ್ನು ಸೂಚಿಸುವ ‘ಅ.ಪಾ.ಕ.’ ಎಂಬುದನ್ನು ‘ಅಪಾಕ’ ಎಂದು ಬರೆದ ಪಹಣಿಗಳೂ ಇವೆ. ಆದುದರಿಂದ ಹೆಸರಿನಿಂದ ಹುಡುಕುವಾಗ ಪೂರ್ಣ ಹೆಸರನ್ನು ಬರೆಯುವುದಕ್ಕಿಂತ, ಚುಕ್ಕೆ ಅಥವಾ ಸಂಕ್ಷೇಪ ಇಲ್ಲದ ಒಂದು ಭಾಗವನ್ನು ಮಾತ್ರ ಬರೆದು ಬಂದ ಪಟ್ಟಿಯಲ್ಲಿ ನೋಡುವುದು ಹೆಚ್ಚು ಫಲಕಾರಿ.

ಕಣ್ಣಿಗೆ ಕಾಣದ ಗುರುತುಗಳೂ ಇವೆ. ಯೂನಿಕೋಡ್ ಕನ್ನಡದಲ್ಲಿ ‘ರಾಜ್‌ಕುಮಾರ’ ಎಂದು ಒತ್ತಕ್ಷರವಾಗದಂತೆ ಬರೆಯಲು ನಡುವೆ ಒಂದು ಅದೃಶ್ಯ ಗುರುತನ್ನು ಇಡಲಾಗುತ್ತದೆ. ಒಬ್ಬರು ಅದನ್ನು ಇಟ್ಟು, ಇನ್ನೊಬ್ಬರು ಇಡದಿದ್ದರೆ ಎರಡು ಹೆಸರುಗಳು ಹೊಂದುವುದಿಲ್ಲ. ಗೋಕಾಕ ಮತ್ತು ಗೋಕಾಕ್ ಎಂಬ ಎರಡು ರೂಪಗಳ ವ್ಯತ್ಯಾಸವಾದರೂ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ.

ಕ್ಷೇತ್ರ: ಎಕರೆ ಮತ್ತು ಗುಂಟೆ

ಪಹಣಿಯಲ್ಲಿ ಕ್ಷೇತ್ರವನ್ನು ಎಕರೆ, ಗುಂಟೆ, ಆಣೆಗಳಲ್ಲಿ ನಡುವೆ ಅಡ್ಡಗೆರೆ ಹಾಕಿ ಬರೆಯಲಾಗುತ್ತದೆ. 1 ಎಕರೆಗೆ 40 ಗುಂಟೆ, 1 ಗುಂಟೆಗೆ 16 ಆಣೆ. ಅಡ್ಡಗೆರೆಯ ಬದಲು ಚುಕ್ಕೆ ಬರೆಯುವ ಅಭ್ಯಾಸ ಬಹಳ ಹಳೆಯದು. ಕಾಗದದ ಮೇಲೆ ಅದರಿಂದ ಹಾನಿಯಿಲ್ಲ. ಗಣಕಯಂತ್ರಕ್ಕೆ ಆ ಚುಕ್ಕೆಯು ದಶಮಾಂಶ ಬಿಂದುವಾಗುತ್ತದೆ, ಮತ್ತು ಹಾನಿ ಇಲ್ಲಿಂದ ಆರಂಭವಾಗುತ್ತದೆ.

2 ಎಕರೆ 25 ಗುಂಟೆಯ ಎರಡು ಜಮೀನುಗಳಿರುವ ರೈತರ ಒಟ್ಟು ಕ್ಷೇತ್ರ 5 ಎಕರೆ 10 ಗುಂಟೆ. ಇದನ್ನು 2.25 ಎಂದು ಎರಡು ಬಾರಿ ನಮೂದಿಸಿದರೆ ಯಂತ್ರದ ಮೊತ್ತ 4.50 ಎಕರೆ. ಕೃಷಿ ಗಣತಿಯ ವರ್ಗೀಕರಣದಂತೆ 1 ಹೆಕ್ಟೇರ್‌ಗಿಂತ ಕಡಿಮೆ ಇರುವವರು ಅತಿ ಸಣ್ಣ ರೈತರು, 1ರಿಂದ 2 ಹೆಕ್ಟೇರ್ ಇರುವವರು ಸಣ್ಣ ರೈತರು. 2 ಹೆಕ್ಟೇರ್ ಎಂದರೆ 4 ಎಕರೆ 38 ಗುಂಟೆಯಷ್ಟು. ಹೀಗೆ ಮಿತಿಯನ್ನು ದಾಟಿದ ರೈತರು ಯಂತ್ರದ ಲೆಕ್ಕದಲ್ಲಿ ಮಿತಿಯೊಳಗೆ ಬರುತ್ತಾರೆ. ಮುಂದೆ ತನಿಖೆಯಲ್ಲಿ ಇದು ಹೊರಬಿದ್ದಾಗ ಸುಳ್ಳು ಮಾಹಿತಿ ಕೊಟ್ಟರೆಂಬ ಆಕ್ಷೇಪಕ್ಕೆ ಅವರೇ ಗುರಿಯಾಗಬೇಕಾಗುತ್ತದೆ.

ಇದರ ವಿರುದ್ಧ ದಿಕ್ಕಿನ ತಪ್ಪೂ ಇದೆ. 2 ಎಕರೆ 5 ಗುಂಟೆಯನ್ನು 2.5 ಎಂದು ಬರೆದರೆ ಯಂತ್ರಕ್ಕೆ ಅದು ಎರಡೂವರೆ ಎಕರೆ. ನಿಜವಾದ ಕ್ಷೇತ್ರ ಸುಮಾರು 0.86 ಹೆಕ್ಟೇರ್, ಯಂತ್ರವು ಓದುವುದು 1 ಹೆಕ್ಟೇರ್‌ಗೆ ಕೂದಲೆಳೆಯಷ್ಟು ಮೇಲೆ. ಅತಿ ಸಣ್ಣ ರೈತರೊಬ್ಬರು ಒಂದು ಚುಕ್ಕೆಯ ಕಾರಣದಿಂದ ಆ ಪಟ್ಟಿಯಿಂದ ಹೊರಗುಳಿಯುತ್ತಾರೆ. ಎಕರೆ ಮತ್ತು ಗುಂಟೆಗೆ ಪ್ರತ್ಯೇಕ ಕೋಶಗಳಿದ್ದಲ್ಲಿ ಪ್ರತ್ಯೇಕವಾಗಿಯೇ ತುಂಬತಕ್ಕದ್ದು. ಒಂದೇ ಕೋಶವಿದ್ದರೆ ಅದು ಯಾವ ಅಳತೆಯನ್ನು ಕೇಳುತ್ತಿದೆ ಎಂಬುದನ್ನು ವಿಚಾರಿಸಿದ ಬಳಿಕವೇ ತುಂಬತಕ್ಕದ್ದು.

ದಿನಾಂಕ ಮತ್ತು ಎಕ್ಸೆಲ್ ಪಟ್ಟಿಗಳು

ಸಹಕಾರ ಸಂಘಗಳು, ಬ್ಯಾಂಕುಗಳು ಮತ್ತು ಸೇವಾ ಕೇಂದ್ರಗಳಲ್ಲಿ ರೈತರ ವಿವರಗಳನ್ನು ಎಕ್ಸೆಲ್ ಪಟ್ಟಿಯಲ್ಲಿ ಸಿದ್ಧಪಡಿಸುವುದು ರೂಢಿ. ಸರ್ವೆ ನಂಬರ್ 3/4 ಎಂದು ಟೈಪ್ ಮಾಡಿದ ತಕ್ಷಣ ಆ ತಂತ್ರಾಂಶವು ಅದನ್ನು ಏಪ್ರಿಲ್ 3 ಎಂದೋ ಮಾರ್ಚ್ 4 ಎಂದೋ ದಿನಾಂಕವಾಗಿ ಬದಲಿಸಿಬಿಡುತ್ತದೆ. ನಡುವೆ ಆಂಗ್ಲದ ‘ಇ’ ಅಕ್ಷರ ಇರುವ 2ಇ3 ಎಂಬ ಹಿಸ್ಸಾ 2000 ಆಗುತ್ತದೆ, ಏಕೆಂದರೆ ಆ ಬರವಣಿಗೆಗೆ ವಿಜ್ಞಾನದ ಲೆಕ್ಕದಲ್ಲಿ ಬೇರೆ ಅರ್ಥವಿದೆ. ಇದಕ್ಕೆ ಪರಿಹಾರವೂ ಉದ್ಧರಣ ಚಿಹ್ನೆಯೇ: ಕೋಶದಲ್ಲಿ ಮೊದಲು ಒಂದು ಒಂಟಿ ಉದ್ಧರಣ ಚಿಹ್ನೆಯನ್ನು ಹಾಕಿ ಅನಂತರ 3/4 ಎಂದು ಬರೆದರೆ ಅದು ಪಠ್ಯವಾಗಿಯೇ ಉಳಿಯುತ್ತದೆ, ಆ ಚಿಹ್ನೆಯು ಕೋಶದಲ್ಲಿ ಕಾಣುವುದೂ ಇಲ್ಲ. ಕೋಶವನ್ನು ಮೊದಲೇ ಪಠ್ಯ ಎಂದು ನಿಗದಿಪಡಿಸುವುದು ಇನ್ನೊಂದು ದಾರಿ. ಒಮ್ಮೆ ದಿನಾಂಕವಾಗಿ ಬದಲಾದ ಮೇಲೆ ಕೋಶವನ್ನು ಪಠ್ಯವಾಗಿಸಿದರೆ ಪ್ರಯೋಜನವಿಲ್ಲ. 3/4ರ ಬದಲು ಐದಂಕಿಯ ಒಂದು ಸಂಖ್ಯೆ ಕಾಣಿಸಿಕೊಳ್ಳುತ್ತದೆ.

ದಿನಾಂಕಗಳದ್ದು ಇದೇ ಕಥೆಯ ಮತ್ತೊಂದು ಮುಖ. ಗಡಿಚಿಹ್ನೆ ಇಲ್ಲದ 3/4/2012 ಯಂತ್ರಕ್ಕೆ ಭಾಗಾಕಾರ. ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿ ದಿನಾಂಕಕ್ಕೆ ಹ್ಯಾಶ್ ಚಿಹ್ನೆಯೇ (#) ಗಡಿ, ಮತ್ತು ಆ ಗಡಿಯೊಳಗೆ ತಿಂಗಳನ್ನು ಮೊದಲು ಓದುವುದು ಅದರ ಪದ್ಧತಿ. #03/04/2012# ಎಂದರೆ ಏಪ್ರಿಲ್ 3 ಅಲ್ಲ, ಮಾರ್ಚ್ 4.

ಗಣಕಯಂತ್ರ ನಿರ್ವಾಹಕರು ಮತ್ತು ತಂತ್ರಾಂಶ ರಚಿಸುವವರ ಗಮನಕ್ಕೆ

ಅರ್ಜಿದಾರರು ಬರೆದ ಪಠ್ಯವನ್ನು ಆಜ್ಞೆಯ ಸಾಲಿಗೆ ನೇರವಾಗಿ ಅಂಟಿಸುವ ಪದ್ಧತಿಯನ್ನು ಕೈಬಿಡತಕ್ಕದ್ದು. ಶೋಧನಾ ವಾಕ್ಯದಲ್ಲಿ ಬೆಲೆಯ ಜಾಗವನ್ನು ಖಾಲಿ ಬಿಟ್ಟು, ಬೆಲೆಯನ್ನು ಪ್ರತ್ಯೇಕವಾಗಿ ದತ್ತಸಂಚಯಕ್ಕೆ ಒಪ್ಪಿಸುವ ವಿಧಾನವು ಇಂದಿನ ಎಲ್ಲ ಪ್ರಮುಖ ದತ್ತಸಂಚಯಗಳಲ್ಲಿ ಲಭ್ಯವಿದೆ. ಇದನ್ನು ಪ್ಯಾರಾಮೀಟರ್ ಎನ್ನಲಾಗುತ್ತದೆ. ಆಗ ಬೆಲೆಯೊಳಗೆ ಯಾವ ಚಿಹ್ನೆ ಇದ್ದರೂ ಅದು ಆಜ್ಞೆಯಾಗಲಾರದು. ಡಿ'ಸೋಜಾ ಎಂಬ ಹೆಸರನ್ನು ಇಮ್ಮಡಿಗೊಳಿಸಬೇಕಾಗಿಲ್ಲ, ನಿರಾಕರಿಸಬೇಕಾಗಿಯೂ ಇಲ್ಲ. ಹೆಸರಿನ ಭಾಗದಿಂದ ಹುಡುಕುವಾಗ ಮಾತ್ರ ಶೇಕಡಾ ಚಿಹ್ನೆ (%) ಮತ್ತು ಅಡಿಗೆರೆಗಳು (_) ಪ್ಯಾರಾಮೀಟರಿನೊಳಗೂ ‘ಯಾವುದಾದರೂ ಸರಿ’ ಎಂಬ ಅರ್ಥವನ್ನು ಉಳಿಸಿಕೊಳ್ಳುವುದರಿಂದ ಅವುಗಳನ್ನು ಪ್ರತ್ಯೇಕವಾಗಿ ನಿಭಾಯಿಸಬೇಕಾಗುತ್ತದೆ.

‘ದಾಖಲೆ ಲಭ್ಯವಿಲ್ಲ’ ಎಂದು ಬಂದಾಗ

ಮೊದಲು ತಾಲ್ಲೂಕಿನ ಹೆಸರನ್ನು ಪರಿಶೀಲಿಸಬೇಕು. ಮೂಡಲಗಿ ತಾಲ್ಲೂಕು ಗೋಕಾಕ ತಾಲ್ಲೂಕಿನಿಂದ ಬೇರ್ಪಟ್ಟು 2018ರಲ್ಲಿ ರಚನೆಯಾದುದು. ಅದಕ್ಕೂ ಹಿಂದಿನ ಕಾಗದಗಳಲ್ಲಿ ಕಲ್ಲೋಳಿ, ನಾಗನೂರ ಮುಂತಾದ ಊರುಗಳ ಮುಂದೆ ಗೋಕಾಕ ತಾಲ್ಲೂಕು ಎಂದೇ ಇರುತ್ತದೆ. ಹಾಗೆಯೇ 2014ರ ನವೆಂಬರ್ 1ಕ್ಕೆ ಹಿಂದಿನ ಆಂಗ್ಲ ದಾಖಲೆಗಳಲ್ಲಿ ಜಿಲ್ಲೆಯ ಹೆಸರು ಬೆಳಗಾಂ ಎಂದಿರುತ್ತದೆ.

ಅನಂತರ ಸರ್ವೆ ನಂಬರಿನ ಅಂಕಿಯನ್ನು ಮಾತ್ರ ಬರೆದು, ಆ ನಂಬರಿನಲ್ಲಿರುವ ಎಲ್ಲ ಹಿಸ್ಸಾಗಳ ಪಟ್ಟಿಯನ್ನು ನೋಡಬೇಕು. ಕಾಗದದಲ್ಲಿರುವ ಹಿಸ್ಸಾ ಅಲ್ಲಿ ಬೇರೆ ರೂಪದಲ್ಲಿ ಕಾಣಬಹುದು. ಪಟ್ಟಿಯಲ್ಲಿ ಎಲ್ಲಿಯೂ ಕಾಣದಿದ್ದರೆ ಅಥವಾ ಮುದ್ರಿತ ಪಹಣಿಯಲ್ಲಿಯೇ ಹೆಸರು, ಹಿಸ್ಸಾ, ಕ್ಷೇತ್ರ ತಪ್ಪಾಗಿದ್ದರೆ, ಹಳೆಯ ಕೈಬರಹದ ಉತಾರ ಅಥವಾ ಅದರ ದೃಢೀಕೃತ ನಕಲನ್ನು ಲಗತ್ತಿಸಿ ಸಂಬಂಧಿಸಿದ ತಾಲ್ಲೂಕಿನ ತಹಶೀಲ್ದಾರರಿಗೆ ಲಿಖಿತ ಅರ್ಜಿ ಸಲ್ಲಿಸತಕ್ಕದ್ದು. ಅರ್ಜಿಯಲ್ಲಿ ತಪ್ಪಾಗಿರುವ ರೂಪವನ್ನೂ ಸರಿಯಾದ ರೂಪವನ್ನೂ ಅಕ್ಕಪಕ್ಕದಲ್ಲಿ, ಚಿಹ್ನೆಗಳ ಸಮೇತ ಬರೆಯತಕ್ಕದ್ದು. ಚಿಹ್ನೆಯ ಹೆಸರನ್ನು ಅಕ್ಷರದಲ್ಲಿಯೂ ತಿಳಿಸುವುದು ಉತ್ತಮ. ಉದಾಹರಣೆಗೆ: ‘ಹಿಸ್ಸಾ ನಂಬರ್ 1+2, ಅಂದರೆ ಒಂದು ಅಧಿಕ ಎರಡು’. ಅರ್ಜಿಗೆ ಸ್ವೀಕೃತಿ ಸಂಖ್ಯೆಯನ್ನು ತಪ್ಪದೆ ಪಡೆದುಕೊಳ್ಳತಕ್ಕದ್ದು, ಮತ್ತು ಅರ್ಜಿಯ ಸ್ಥಿತಿಯನ್ನು ನೋಡುವಾಗ ಆ ಸಂಖ್ಯೆಯ ಹಿಂದೆ ಮುಂದೆ ಖಾಲಿ ಸ್ಥಳ ಉಳಿಯದಂತೆ ನಮೂದಿಸತಕ್ಕದ್ದು.